ಹಾಸಿಗೇಲಿ ಹೊರಳಿದ್ರೆ ಮನೆನೇ ತಿರುಗುತ್ತೆ ಡಾಕ್ಟ್ರೇ!

(ಓದುಗರ ಪ್ರಶ್ನೆ, ಕಿವಿ-ಮೂಗಿನ ಡಾಕ್ಟ್ರ ಉತ್ತರ)

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮಮ್ಮಂಗೆ 62 ವರ್ಷ. ಬೆಳಗ್ಗೆ ಹಾಸಿಗೇಲಿ ಬಲಕ್ಕೆ ಹೊರಳಿದ್ರೆ ಸಾಕು, ಮನೆಯೆಲ್ಲಾ ಗಿರ್ರಂತ ತಿರುಗುತ್ತಂತೆ, ಅರ್ಧ ನಿಮಿಷ ಕಣ್ಮುಚ್ಚಿ ಮಂಚ ಹಿಡ್ಕೊಂಡಿದ್ರೆ ನಿಲ್ಲುತ್ತೆ. ಅಟ್ಟದ ಮೇಲಿನ ಡಬ್ಬ ತೆಗೆಯೋಕೆ ತಲೆ ಎತ್ತಿದ್ರೂ ಹಂಗೇ. ಬಿಪಿ ನಾರ್ಮಲ್, ಶುಗರ್ ನಾರ್ಮಲ್, ಸ್ಕ್ಯಾನೂ ನಾರ್ಮಲ್. ಎಂಟು ತಿಂಗಳಿಂದ ದಿನಾ ಮೂರು ಹೊತ್ತು ತಲೆಸುತ್ತಿನ ಮಾತ್ರೆ ನುಂಗ್ತಿದ್ದಾರೆ. ಪಕ್ಕದ ಮನೆ ಆಂಟಿಗೆ ಯಾರೋ ಡಾಕ್ಟ್ರು ಬರೀ ತಲೆ ಆ ಕಡೆ ಈ ಕಡೆ ತಿರುಗಿಸಿ ಐದು ನಿಮಿಷದಲ್ಲಿ ವಾಸಿ ಮಾಡಿದ್ರಂತೆ. ಇದಕ್ಕೆ ರಿಸರ್ಚ್ ಏನಾದ್ರೂ ಇದೆಯಾ, ಇಲ್ಲಾ ಮಂತ್ರ ಹಾಕೋ ಥರದ್ದಾ?
– ತಿಪಟೂರಿನ ಓದುಗರು

ಉತ್ತರ: ಮಂತ್ರ ಅಲ್ಲಮ್ಮ, ಇಷ್ಟು ಚೆನ್ನಾಗಿ ಪರೀಕ್ಷೆ ಆಗಿರೋ ಚಿಕಿತ್ಸೆ ನಮ್ಮ ವಿಭಾಗದಲ್ಲಿ ಕಮ್ಮಿನೇ. ನೀವು ಬರೆದಿರೋದು ಓದಿದ್ರೆ ಬಿಪಿಪಿವಿ, ಅಂದ್ರೆ ತಲೆ ಇಟ್ಟ ಭಂಗಿ ಬದಲಾದಾಗ ಬರೋ ತಲೆಸುತ್ತು, ಅಂತ ಅನ್ನಿಸುತ್ತೆ, ಆದ್ರೆ ಪಕ್ಕಾ ಆಗ್ಬೇಕು ಅಂದ್ರೆ ಮಲಗಿಸಿ ಕಣ್ಣು ನೋಡ್ಲೇಬೇಕು. ಒಳಗಿವೀಲಿ ಬಳೆ ಚೂರಿನ ಹಾಗೆ ಬಾಗಿರೋ ಮೂರು ಕೊಳವೆ ಇರುತ್ತೆ, ಒಳಗೆಲ್ಲಾ ನೀರು. ಅದರ ಪಕ್ಕದ ಚೀಲದಲ್ಲಿ ಸುಣ್ಣದ ಹರಳುಗಳು ಅಂಟ್ಕೊಂಡಿರ್ತವೆ, ಪುಡಿಗಿಂತ ಸಣ್ಣವು. ವಯಸ್ಸಾಗಿ ಅಥವಾ ತಲೆಗೆ ಪೆಟ್ಟು ಬಿದ್ದು ಅವು ಕಳಚ್ಕೊಂಡು ಕೊಳವೆ ಒಳಗೆ ಹೋದ್ರೆ, ತಲೆ ಅಲ್ಲಾಡಿಸಿದಾಗೆಲ್ಲಾ ಅವೂ ಉರುಳಿ ನೀರನ್ನ ಕದಡ್ತವೆ, ಮಿದುಳು ಪಾಪ ಮನೆ ತಿರುಗ್ತಿದೆ ಅಂದ್ಕೊಳ್ಳುತ್ತೆ. ಜಾತ್ರೇಲಿ ಒಂದು ಪ್ಲಾಸ್ಟಿಕ್ ಡಬ್ಬಿ ಆಟ ಸಿಗ್ತಿತ್ತಲ್ಲ, ಅತ್ಲಾಗಿತ್ಲಾಗೆ ವಾಲಿಸಿ ಗುಂಡನ್ನ ತೂತಿಗೆ ಬೀಳಿಸೋದು? ಚಿಕಿತ್ಸೆನೂ ಅದೇ, ತಲೆನ ಸರಿಯಾದ ಕ್ರಮದಲ್ಲಿ ವಾಲಿಸ್ತಾ ಹರಳನ್ನ ವಾಪಸ್ ಚೀಲಕ್ಕೆ ಉರುಳಿಸೋದು.

ಇದನ್ನ ಕಂಡುಹಿಡಿದವರು ಅಮೆರಿಕದ ಪೋರ್ಟ್‌ಲ್ಯಾಂಡಿನ ಡಾ. ಜಾನ್ ಎಪ್ಲಿ. 1980ರಲ್ಲೇ ಬೇರೆ ಡಾಕ್ಟ್ರುಗಳ ಮುಂದೆ ತೋರಿಸಿದ್ರೂ ಯಾರೂ ಅಷ್ಟಾಗಿ ನಂಬ್ಲಿಲ್ಲ, ಪೇಪರ್ ಅಚ್ಚಾಗೋಕೆ 1992 ಬರ್ಬೇಕಾಯ್ತು. ನಂಬದೇ ಇದ್ದವರನ್ನೂ ಪೂರ್ತಿ ಬೈಯೋಕಾಗಲ್ಲ ಅನ್ನಿ, ಯಾಕಂದ್ರೆ ಈ ಕಾಯಿಲೆಯ ತರಲೆನೇ ಅದು, ಎಷ್ಟೋ ಜನಕ್ಕೆ ಕೆಲವು ವಾರದಲ್ಲಿ ತಾನಾಗೇ ಹೋಗ್ಬಿಡುತ್ತೆ. ಆಗ ಮಾತ್ರೆ ತಗೊಂಡಿದ್ರೆ ಮಾತ್ರೆಯಿಂದ ಹೋಯ್ತು ಅಂತೀವಿ, ದೃಷ್ಟಿ ತೆಗೆಸಿದ್ರೆ ದೃಷ್ಟಿಯಿಂದ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಗಿರುತ್ತೆ ಅಷ್ಟೆ.

ಅದಕ್ಕೇ ಟ್ರಯಲ್ ಬೇಕಾಗೋದು. ಜರ್ಮನಿಯವರು 2006ರಲ್ಲಿ ಒಂದು ಜಾಣತನ ಮಾಡಿದ್ರು. 66 ರೋಗಿಗಳಲ್ಲಿ ಅರ್ಧ ಜನಕ್ಕೆ ಕೆಟ್ಟ ಕಿವಿ ಕಡೆಗೆ ಎಪ್ಲಿ ಮಾಡಿದ್ರು, ಮಿಕ್ಕವರಿಗೆ ಅದೇ ಕಸರತ್ತನ್ನ ಚೆನ್ನಾಗಿರೋ ಕಿವಿ ಕಡೆಗೆ ಮಾಡಿದ್ರು, ಯಾರಿಗೆ ನಿಜವಾದದ್ದು ಅಂತ ರೋಗಿಗೆ ಗೊತ್ತೇ ಇಲ್ಲ. ಮಾರನೇ ದಿನ ನೋಡಿದ್ರೆ ಮೊದಲನೇ ಗುಂಪಲ್ಲಿ ನೂರಕ್ಕೆ 80 ಜನ ಸರಿಹೋಗಿದ್ರು, ಎರಡನೇದರಲ್ಲಿ 10. ಆಮೇಲೆ ಹಲವು ಟ್ರಯಲ್‌ಗಳನ್ನ ಸೇರಿಸಿ ನೋಡಿದ ಕಾಕ್ರೇನ್ ವರದಿ 2014ರಲ್ಲಿ ಬಂತು, ಅದರಲ್ಲಿ ಲೆಕ್ಕ ಸ್ವಲ್ಪ ಇಳೀತು, ಸುಳ್ಳು ಕಸರತ್ತಿಗೆ ನೂರಕ್ಕೆ 21, ಎಪ್ಲಿಗೆ 56. ಇಳಿದ ಮೇಲೂ ದುಪ್ಪಟ್ಟಿಗಿಂತ ಜಾಸ್ತಿನೇ. ಹರಳು ಮತ್ತೆ ಕಳಚ್ಕೊಳ್ಳೋದೂ ಉಂಟು, ಆಗ ಮತ್ತೆ ಮಾಡಿಸ್ಬೇಕು, ಅದನ್ನ ಆಂಟಿ ಹೇಳಿರಲ್ಲ.

ಇನ್ನು ಮಾತ್ರೆ. ಇಲ್ಲಿ ತಲೆಸುತ್ತು ಅಂದ ತಕ್ಷಣ ಎಲ್ಲರೂ ಬರೆಯೋದು ಬೀಟಾಹಿಸ್ಟಿನ್. ಅದನ್ನ ಮುಖ್ಯವಾಗಿ ಕೊಡೋದು ಮೆನಿಯೆರ್ ಅನ್ನೋ ಬೇರೆ ಕಾಯಿಲೆಗೆ, ಅಲ್ಲಿ ಗಂಟೆಗಟ್ಟಲೆ ಸುತ್ತುತ್ತೆ, ಕಿವಿ ಗುಂಯ್‌ಗುಡುತ್ತೆ, ಕೇಳ್ಸೋದೂ ಮಂದ ಆಗುತ್ತೆ. ಆ ಕಾಯಿಲೆಯ 221 ಜನರಿಗೆ ಜರ್ಮನಿಯಲ್ಲೇ 9 ತಿಂಗಳು ಕೊಟ್ಟು ನೋಡಿದ್ರು, ಒಂದು ಗುಂಪಿಗೆ ಕಮ್ಮಿ ಡೋಸ್, ಒಂದಕ್ಕೆ ಜಾಸ್ತಿ ಡೋಸ್, ಒಂದಕ್ಕೆ ಔಷಧಿನೇ ಇಲ್ಲದ ಡಮ್ಮಿ ಮಾತ್ರೆ. 2016ರಲ್ಲಿ ರಿಸಲ್ಟ್ ಬಂತು: ಮೂರೂ ಗುಂಪಲ್ಲಿ ತಲೆಸುತ್ತು ಕಮ್ಮಿಯಾಯ್ತು, ಮೂರರಲ್ಲೂ ಒಂದೇ ಥರ! ಅದನ್ನ ಓದಿದ ದಿನ ನನಗೆ ಸ್ವಲ್ಪ ನಾಚಿಕೆ ಆಗಿದ್ದು ನಿಜ, ಶುರುಶುರುನಲ್ಲಿ ರೋಗಿನ ಮಲಗಿಸಿ ನೋಡದೇ ಅದೇ ಮಾತ್ರೆ ಬರೆದುಕೊಟ್ಟು ಕಳಿಸಿದವನು ನಾನೂ.

ಅಮ್ಮನ್ನ ಒಬ್ಬ ಇಎನ್‌ಟಿ ಹತ್ರ ಕರ್ಕೊಂಡ್ಹೋಗಿ, ಮಾತ್ರೆ ಸ್ಟ್ರಿಪ್ಪೂ ತಗೊಂಡ್ಹೋಗಿ. ಡಾಕ್ಟ್ರು ಕಾಲು ನೀಡಿ ಕೂರಿಸಿ, ತಲೆನ ಬಲಕ್ಕೆ ಅರ್ಧ ತಿರುಗಿಸಿ, ದಡಕ್ಕಂತ ಹಿಂದಕ್ಕೆ ಮಲಗಿಸ್ತಾರೆ, ತಲೆ ಮಂಚದ ಅಂಚಿಂದ ಸ್ವಲ್ಪ ಕೆಳಗೆ ಇಳಿಬಿದ್ದಿರುತ್ತೆ. ಒಂದೆರಡು ಸೆಕೆಂಡ್ ಏನೂ ಇರಲ್ಲ, ಆಮೇಲೆ ಕಣ್ಣುಗುಡ್ಡೆ ತಾನಾಗೇ ಪಟಪಟ ಅಂತ ತಿರುಚ್ಕೊಂಡು ಕುಣಿಯೋಕೆ ಶುರು, ಅಮ್ಮ ನಿಮ್ಮ ಕೈ ಗಟ್ಟಿಯಾಗಿ ಹಿಡ್ಕೋತಾರೆ, ಹೆದರ್ಬೇಡಿ, ಆ ಕುಣಿತ ನೋಡಿನೇ ಯಾವ ಕಿವಿ ಯಾವ ಕೊಳವೆ ಅಂತ ಗೊತ್ತಾಗೋದು. ಅಲ್ಲಿಂದ ತಲೆ ಎಡಕ್ಕೆ, ಆಮೇಲೆ ಮೈಯೂ ಎಡಕ್ಕೆ ಹೊರಳಿ ಮೂಗು ನೆಲದ ಕಡೆಗೆ, ಪ್ರತಿ ಸಲ ಅರ್ಧ ಒಂದು ನಿಮಿಷ, ಕೊನೆಗೆ ಎದ್ದು ಕೂರೋದು. ಮೊದಲ ಸಲನೇ ಯೂಟ್ಯೂಬ್ ನೋಡ್ಕೊಂಡು ಮನೇಲಿ ಮಾಡ್ಬೇಡಿ, ಕತ್ತಿನ ಮೂಳೆ ತೊಂದ್ರೆ ಇದ್ರೆ ಮೊದಲೇ ಹೇಳ್ಬಿಡಿ. ಸುತ್ತಿನ ಜೊತೆ ಮಾತು ತೊದಲೋದು, ಒಂದು ಎರಡಾಗಿ ಕಾಣೋದು, ನಿಂತ್ಕೊಳ್ಳೋಕೇ ಆಗ್ದಿರೋದು ಇದ್ರೆ ಅದು ಕಿವಿ ಕೇಸಲ್ಲ, ನೇರ ದೊಡ್ಡಾಸ್ಪತ್ರೆಗೆ.

ಪ್ರಶ್ನೆ: ಮಗ ಯುಕೆಜಿ. ಟೀವಿ ಸೌಂಡ್ ಜಾಸ್ತಿ ಇಡ್ತಾನೆ, ಕರೆದ್ರೆ ಎರಡು ಸಲ 'ಆಂ?' ಅಂತಾನೆ. ಕಿವಿಪರದೆ ಹಿಂದೆ ನೀರು ತುಂಬಿದೆಯಂತೆ. ಒಬ್ಬರು ಗ್ರೋಮೆಟ್ (ಕಿವಿಪರದೆಗೆ ಕೂರಿಸೋ ಪುಟ್ಟ ನಳಿಕೆ) ಹಾಕಿಸಿ ಅಂತಾರೆ, ಇನ್ನೊಬ್ಬರು ಮೂರು ತಿಂಗಳು ಕಾಯಿರಿ ಅಂತ ಹೇಳಿ ಶೀತದ ಸಿರಪ್ ಕೊಟ್ಟಿದ್ದಾರೆ. ನಮ್ಮತ್ತೆ ಬಿಸಿ ಎಣ್ಣೆ ಬಿಡಿ ಅಂತಾರೆ.
– ಶಿರಸಿ

ಉತ್ತರ: ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ, ಎಣ್ಣೆ ಮಾತ್ರ ಒಗ್ಗರಣೆಗೇ ಇರಲಿ, ನೀರಿರೋದು ಪರದೆಯ ಆ ಕಡೆ, ಎಣ್ಣೆ ನಿಲ್ಲೋದು ಈ ಕಡೆ. ಕಾಯೋದು ಸರಿನೇ, ಮಕ್ಕಳಲ್ಲಿ ಈ ನೀರು ಬಹಳ ಸಲ ತಾನಾಗೇ ಇಂಗುತ್ತೆ, ಮತ್ತೆ ಅದೇ ಕಾಗೆ-ಟೊಂಗೆ ಕಥೆ. ಸಿರಪ್ಪಿಂದ ಇದಕ್ಕೆ ಲಾಭ ಇಲ್ಲ ಅಂತ ಟ್ರಯಲ್‌ಗಳೆಲ್ಲಾ ಹೇಳಿವೆ, ಮಗು ತೂಕಡಿಸುತ್ತೆ ಅಷ್ಟೆ. ಕಾಯ್ತಾ ಮಾಡ್ಬಹುದಾದ್ದು ಒಂದಿದೆ, ಮೂಗಿಂದ ಬಲೂನ್ ಊದೋದು! ಅದಕ್ಕೇ ಅಂತ ಮೂಗಿನ ಹೊಳ್ಳೆಗೆ ಕೂರೋ ನಳಿಕೆ ಇರೋ ಬಲೂನ್ ಬರುತ್ತೆ, ಇನ್ನೊಂದು ಹೊಳ್ಳೆ ಬೆರಳಲ್ಲಿ ಮುಚ್ಕೊಂಡು ಊದಿದ್ರೆ ಗಾಳಿ ಒಳದಾರಿಯಿಂದ ಕಿವಿಗೆ ಹೋಗುತ್ತೆ. ಬ್ರಿಟನ್‌ನಲ್ಲಿ 4ರಿಂದ 11 ವರ್ಷದ 320 ಮಕ್ಕಳ ಮೇಲೆ ನೋಡಿದ್ರು, 2015ರಲ್ಲಿ ಅಚ್ಚಾಯ್ತು. ದಿನಕ್ಕೆ ಮೂರು ಸಲ ಊದಿದವರಲ್ಲಿ ಒಂದು ತಿಂಗಳಿಗೆ ನೂರಕ್ಕೆ 47 ಮಕ್ಕಳ ಕಿವಿ ಸರಿಹೋಗಿತ್ತು, ಊದದೇ ಇದ್ದವರಲ್ಲಿ 36. ದೊಡ್ಡ ಪವಾಡ ಏನಲ್ಲ, ಆದ್ರೆ ಖರ್ಚು ಕಮ್ಮಿ, ಹುಡುಗರು ಖುಷಿಯಾಗೂ ಮಾಡ್ತಾರೆ. ಮೂರು ತಿಂಗಳಾದ್ಮೇಲೂ ನೀರಿದ್ದು ಕೇಳ್ಸೋ ಟೆಸ್ಟಲ್ಲಿ ಕಮ್ಮಿ ಬಂದ್ರೆ ಗ್ರೋಮೆಟ್‌ಗೆ ಹಿಂಜರೀಬೇಡಿ. ಮಾತೇ ಹಿಂದೆ ಬಿದ್ದಿದ್ರೆ ಅಷ್ಟೂ ಕಾಯ್ಬೇಡಿ.

ಪ್ರಶ್ನೆ: ಎರಡು ವರ್ಷದಿಂದ ರಾತ್ರಿ ಮೂಗಿಗೆ ಡ್ರಾಪ್ಸ್ ಹಾಕದೆ ನಿದ್ದೆ ಬರಲ್ಲ. ಬದಲಿಗೆ ಶೀತದ ಮಾತ್ರೆ ತಗೊಳ್ಳಲಾ?
– ದಾವಣಗೆರೆ

ಉತ್ತರ: ಮೂಗು ಕಟ್ತಿರೋದೇ ಈಗ ಆ ಡ್ರಾಪ್ಸಿಂದ. ಐದಾರು ದಿನದ ಮೇಲೆ ಹಾಕೋ ಔಷಧಿ ಅಲ್ಲ ಅದು. ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಆಮೇಲೆ ಇನ್ನೊಂದಕ್ಕೆ, ನಡುವೆ ಸ್ಟೀರಾಯ್ಡ್ ಸ್ಪ್ರೇ ಬೇಕಾಗುತ್ತೆ, ಡಾಕ್ಟ್ರು ಬರೆದುಕೊಡ್ತಾರೆ. ಶೀತದ ಮಾತ್ರೆ ಬೇಡ, ಬಹಳಷ್ಟರಲ್ಲಿ ಇರೋ ಫಿನೈಲೆಫ್ರಿನ್ ಬಾಯಿಂದ ತಗೊಂಡ್ರೆ ಮೂಗು ಬಿಡಿಸೋದೇ ಇಲ್ಲ ಅಂತ 2023ರ ಸೆಪ್ಟೆಂಬರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿಯ 16ಕ್ಕೆ 16 ಜನನೂ ಹೇಳಿದ್ರು.

ಪ್ರಶ್ನೆ: ನಮ್ಮ ಯಜಮಾನರಿಗೆ ಮೂಗಲ್ಲಿ ಪಾಲಿಪ್ (ಮೆತ್ತನೆ ಗಡ್ಡೆ), ಎರಡು ಸಲ ಆಪರೇಷನ್ ಆಗಿ ಮತ್ತೆ ಬೆಳೆದಿದೆ. ಹಾಲು ಹುಳಿಯಾದ್ರೂ ವಾಸನೆ ಗೊತ್ತಾಗಲ್ಲ. ಈಗ ಆಸ್ಪತ್ರೆಯವರು ಯಾವುದೋ ಇಂಜೆಕ್ಷನ್ ಟ್ರಯಲ್‌ಗೆ ಸೇರ್ತೀರಾ ಅಂತ ಕೇಳ್ತಿದ್ದಾರೆ. ಪ್ರಯೋಗದ ಇಲಿ ಆಗ್ಬೇಕಾ ಅಂತ ಮನೇಲೆಲ್ಲಾ ಬೈತಿದ್ದಾರೆ.
– ಮಂಡ್ಯ

ಉತ್ತರ: ಇಲಿಗೆ ಬೇಡ ಅನ್ನೋ ಹಕ್ಕಿಲ್ಲ, ನಿಮ್ಮೆಜಮಾನರಿಗೆ ಇದೆ, ಸೇರಿ ಅರ್ಧಕ್ಕೆ ಬಿಟ್ರೂ ಮಾಮೂಲಿ ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ. ನಿಮಗೆ ಹೇಳಿರೋ ಇಂಜೆಕ್ಷನ್ ಯಾವುದು ಅಂತ ನೀವು ಬರೆದಿಲ್ಲ, ಆದ್ರೆ ಇದೇ ಥರದ ಡ್ಯುಪಿಲುಮ್ಯಾಬ್ ಅನ್ನೋದು 2019ರಲ್ಲಿ ಪಾಲಿಪ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದ್ದು ಇಂಥ ಎರಡು ಟ್ರಯಲ್‌ಗಳಿಂದಲೇ, ಒಂದರಲ್ಲಿ 276 ಜನ, ಇನ್ನೊಂದರಲ್ಲಿ 448. ಗಡ್ಡೆನೂ ಕುಗ್ಗಿತು, ವಾಸನೆನೂ ಎಷ್ಟೋ ಜನಕ್ಕೆ ವಾಪಸ್ ಬಂತು. ಡಮ್ಮಿ ಇಂಜೆಕ್ಷನ್ ಬಿದ್ದವರನ್ನೂ ಬರಿಗೈಲಿ ಬಿಟ್ಟಿರ್ಲಿಲ್ಲ, ಎಲ್ಲರಿಗೂ ಸ್ಟೀರಾಯ್ಡ್ ಸ್ಪ್ರೇ ಕೊಟ್ಟಿದ್ರು. ಹಾಗಾಗಿ ನೀವು ಕೇಳ್ಬೇಕಾದ ಮೊದಲ ಪ್ರಶ್ನೆ ಅದೇ, ಡಮ್ಮಿ ಗುಂಪಿಗೆ ಬಿದ್ರೆ ನಮಗೇನು ಕೊಡ್ತೀರಾ ಅಂತ. ಆಮೇಲೆ ಟ್ರಯಲ್ ಮುಗಿದ್ಮೇಲೆ ಔಷಧಿ ಸಿಗುತ್ತಾ ಅಂತನೂ ಕೇಳಿ, ಇವು ಬಹಳ ದುಬಾರಿ.

ಸಿಟಿಆರ್‌ಐ ನಂಬರ್ ಕೇಳಿ ಇಸ್ಕೊಳ್ಳಿ. ನಮ್ಮ ದೇಶದ ಟ್ರಯಲ್‌ಗಳನ್ನೆಲ್ಲಾ ನೋಂದಾಯಿಸೋ ಪಟ್ಟಿ ಅದು, 2007ರಲ್ಲಿ ಶುರುವಾಗಿ 2009ರಿಂದ ಕಡ್ಡಾಯ, ಮೊಬೈಲಲ್ಲೇ ಹುಡುಕಿ ನೋಡ್ಬಹುದು. 2019ರ ನಿಯಮದ ಪ್ರಕಾರ ಟ್ರಯಲ್‌ನಿಂದ ತೊಂದ್ರೆ ಆದ್ರೆ ಚಿಕಿತ್ಸೆ ಫ್ರೀ, ಪರಿಹಾರನೂ ಉಂಟು. ಒಪ್ಪಿಗೆ ಫಾರಂ ನಿಮಗೆ ಅರ್ಥ ಆಗೋ ಭಾಷೇಲೇ ಇರ್ಬೇಕು. ಇಂಗ್ಲಿಷ್‌ದು ತೋರಿಸಿ 'ಇಲ್ಲೊಂದು ಸೈನ್ ಹಾಕಿ ಸಾರ್' ಅಂದ್ರೆ ಪೆನ್ನು ಕೆಳಗಿಡಿ, ಕನ್ನಡದ್ದು ಮನೆಗೆ ತಂದು ಬೈತಿರೋರ ಕೈಲೇ ಜೋರಾಗಿ ಓದಿಸಿ, ಎರಡು ದಿನ ಬಿಟ್ಟು ಹೋಗಿ. ಸೈನ್ ಆದ್ಮೇಲೆ ಒಂದು ಕಾಪಿ ನಿಮ್ಮದು, ಅದನ್ನ ಮರೀದೆ ತಗೊಂಡ್ಬನ್ನಿ.