ಟಿಬಿ ಮಾತ್ರೆಗೆ ಇಸಿಜಿ ಯಾಕೆ?

ಪ್ರಶ್ನೆ: ನಮ್ಮ ಭಾವನಿಗೆ ಎಂಡಿಆರ್ ಟಿಬಿ, ಅಂದರೆ ಮಾಮೂಲಿ ಔಷಧಗಳಿಗೆ ಬಗ್ಗದ ಕ್ಷಯ. ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಯಿಂದ ಬೆಡಾಕ್ವಿಲಿನ್ ಮಾತ್ರೆ ಕೊಡುತ್ತಿದ್ದಾರೆ. ಆಗಾಗ ಇಸಿಜಿ ತೆಗೆಯುತ್ತಾರೆ. ಕಾಯಿಲೆ ಇರೋದು ಶ್ವಾಸಕೋಶದಲ್ಲಿ ಅಲ್ವಾ? ಫಾರಿನ್ ಕಂಪನಿ ನಮ್ಮ ಮೇಲೆ ಪ್ರಯೋಗ ಮಾಡ್ತಿದೆ ಅಂತ ಊರಲ್ಲಿ ಮಾತು. ಭಾವ ಮಾತ್ರೆ ನಿಲ್ಲಿಸ್ತೀನಿ ಅಂತಿದ್ದಾರೆ.
– ಓದುಗರು, ಗೌರಿಬಿದನೂರು

ಉತ್ತರ: ದಯವಿಟ್ಟು ನಿಲ್ಲಿಸಲು ಬಿಡಬೇಡಿ. ಈ ಔಷಧ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಎಲ್ಲ ಮಾತ್ರೆ ನಿಂತು ಇದೊಂದೇ ಚೂರುಪಾರು ಉಳಿದರೆ, ರೋಗಾಣು ಇದಕ್ಕೂ ಬಗ್ಗದಂತೆ ಆಗಬಹುದು.

ಇದು ಟ್ರಯಲ್ ಅಲ್ಲ, ಸರ್ಕಾರಿ ಟಿಬಿ ಕಾರ್ಯಕ್ರಮದ ಮಾಮೂಲಿ ಚಿಕಿತ್ಸೆ. ಟ್ರಯಲ್ ಆಗಿದ್ದರೆ ಮೊದಲೇ ವಿವರಿಸಿ, ಒಪ್ಪಿಗೆಯ ಸಹಿ ಪಡೆಯಲೇಬೇಕು. ಆದರೆ ಊರವರ ಅನುಮಾನ ಪೂರ್ತಿ ಸುಮ್ನೆ ಹುಟ್ಟಿದ್ದಲ್ಲ.

ಈ ಔಷಧ ಕಂಡುಹಿಡಿದದ್ದು ಬೇಬಿ ಪೌಡರ್‌ನಿಂದ ನಮಗೆ ಪರಿಚಯವಾದ ಜಾನ್ಸನ್ ಅಂಡ್ ಜಾನ್ಸನ್‌ನ ಬೆಲ್ಜಿಯಂ ಶಾಖೆ, ಯಾನ್ಸೆನ್. ಟಿಬಿ ರೋಗಾಣು ಬಲು ನಿಧಾನವಾಗಿ ಬೆಳೆಯುತ್ತದೆ, ಲ್ಯಾಬಿನವರಿಗೂ ಅಪಾಯ. ಹಾಗಾಗಿ ಕೋನ್ ಆಂಡ್ರಿಸ್ ತಂಡ ಅದೇ ಜಾತಿಯ, ಬೇಗ ಬೆಳೆಯುವ ಸಾಧು ಬ್ಯಾಕ್ಟೀರಿಯಾ ಮೇಲೆ ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿತು. ರೋಗಾಣು ತನಗೆ ಬೇಕಾದ ಶಕ್ತಿ ತಯಾರಿಸಿಕೊಳ್ಳುವುದನ್ನೇ ತಡೆಯುವ ಔಷಧ ಸಿಕ್ಕಿತು. 2012ರ ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಟಿಬಿಗೆ ಹೊಸ ಬಗೆಯ ಔಷಧ ಬಂದು ಆಗ 40 ವರ್ಷ ದಾಟಿತ್ತು.

ಆ ಒಪ್ಪಿಗೆ ಸಿಕ್ಕಿದ್ದು ಸಣ್ಣ ಅಧ್ಯಯನಗಳ ಮೇಲೆ. ಒಂದರಲ್ಲಿ ಈ ಮಾತ್ರೆ ತೆಗೆದುಕೊಂಡವರಲ್ಲಿ 10 ಜನ ತೀರಿಕೊಂಡಿದ್ದರು, ಇದರ ಬದಲು ಹುಸಿ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ 2. ಮಾತ್ರೆಯೇ ಕಾರಣ ಅಂತ ಸಾಬೀತಾಗಲಿಲ್ಲ. ಆದರೆ ಪ್ರತಿ ಬಡಿತದ ಬಳಿಕ ಹೃದಯ ಮುಂದಿನ ಬಡಿತಕ್ಕೆ ವಿದ್ಯುತ್ ರೀತಿಯಲ್ಲಿ ಸಜ್ಜಾಗುವುದನ್ನು ಇದು ಕೊಂಚ ನಿಧಾನ ಮಾಡುವುದು ನಿಜ, ಅದು ಮಿತಿಮೀರಿದರೆ ಬಡಿತದ ಲಯ ತಪ್ಪಬಹುದು. ಅದನ್ನು ಕಾಯಲೆಂದೇ ಇಸಿಜಿ. ಭಾರತದಲ್ಲೂ 2016ರಲ್ಲಿ ಮೊದಲು ಬರೀ 6 ಕೇಂದ್ರಗಳಲ್ಲಿ, ಹುಷಾರಾಗಿ ಶುರು ಮಾಡಿದ್ದರು. ಆಮೇಲೆ ಅನುಭವ ಹೆಚ್ಚಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಎಂಡಿಆರ್ ಟಿಬಿಗೆ ಮೊದಲ ಆದ್ಯತೆಯ ಔಷಧಗಳಿಗೆ ಸೇರಿಸಿತು. ಮೊದಲು ಕೊಡುತ್ತಿದ್ದ ಇಂಜೆಕ್ಷನ್‌ಗಳಿಂದ ಎಷ್ಟೋ ಜನರ ಕಿವಿಯೇ ಹೋಗಿತ್ತು. ಅದಕ್ಕಿಂತ ಇಸಿಜಿ ಕಾಟವೇ ವಾಸಿ ಅಂತೀನಿ.

ಹಾಗೆ ಕಿವಿ ಕಳೆದುಕೊಂಡ ಮುಂಬೈನ ನಂದಿತಾ ವೆಂಕಟೇಶನ್ ಈ ಕಥೆಗೆ ಇನ್ನೊಂದು ತಿರುವು ಕೊಟ್ಟವರು. ಇದೇ ಔಷಧದ ಲವಣ ರೂಪಕ್ಕೆ ಬೇರೆ ಪೇಟೆಂಟ್ ಪಡೆದು, ಏಕಸ್ವಾಮ್ಯ ಇನ್ನಷ್ಟು ವರ್ಷ ಉಳಿಸಿಕೊಳ್ಳಲು ಕಂಪನಿ ಹೊರಟಿತ್ತು. ನಂದಿತಾ ಮತ್ತು ಅವರಂತೆಯೇ ಟಿಬಿ ಚಿಕಿತ್ಸೆಯಲ್ಲಿ ಕಿವಿ ಕಳೆದುಕೊಂಡಿದ್ದ ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ ಸೇರಿ ತಕರಾರು ಹಾಕಿದರು. 2023ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿ ತಳ್ಳಿಹಾಕಿತು. ಜುಲೈನಲ್ಲಿ ಮೂಲ ಪೇಟೆಂಟೂ ಮುಗಿಯಿತು. ಸಂಶೋಧನೆಗೆ ಶಭಾಷ್ ಅನ್ನೋಣ, ಈ ಲವಣದ ಉಪಾಯಕ್ಕೆ ಬೇಡ.

ಭಾವ ಬೇರೆ ಯಾವ ಮಾತ್ರೆ ನುಂಗುತ್ತಿದ್ದರೂ ಡಾಕ್ಟರಿಗೆ ತಿಳಿಸಲಿ. ತಲೆಸುತ್ತು, ಎದೆಬಡಿತ ಜಾಸ್ತಿ ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಲಿ. ಮತ್ತೆ, ಈ ಮಾತ್ರೆ ಊಟದ ಜೊತೆಗೇ ಆಗಬೇಕು. ಬರಿಹೊಟ್ಟೆಯಲ್ಲಿ ತೆಗೆದುಕೊಂಡರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.