ಡೆಶೂಟ್ಸ್‌ನ ಅಕ್ಟೋಬರ್ ಟ್ರೌಟ್‌ಗೆ ಯಾವ ಫ್ಲೈ?

ಒರೆಗಾನ್‌ನ ಡೆಶೂಟ್ಸ್ ನದಿಗೆ ಅಕ್ಟೋಬರ್‌ನಲ್ಲಿ ಹೋಗುತ್ತೇನೆ, ಟ್ರೌಟ್ ಮೀನಿಗೆ ಸ್ವಿಂಗ್ ಮಾಡಲು (ದಾರ ಬಿಗಿಯಾಗಿಟ್ಟು ಫ್ಲೈಯನ್ನು ಹರಿವಿಗೆ ಅಡ್ಡಲಾಗಿ ತೇಲಿಬಿಡಲು) ಯಾವ ಫ್ಲೈ, ಅಂದರೆ ಹುಳುವಿನ ಹಾಗೆ ಕಟ್ಟಿದ ಕೊಕ್ಕೆ, ಬೇಕು ಅಂತ ಕೇಳಿದ್ದೀರಿ. ಮೊದಲು ಕಿತ್ತಳೆ ಬಣ್ಣದ್ದನ್ನು ಇಟ್ಟುಕೊಳ್ಳಿ. ಆ ಹೊತ್ತಿಗೆ ಅಲ್ಲಿ ಅಕ್ಟೋಬರ್ ಕ್ಯಾಡಿಸ್ ಹುಳು ಏಳುತ್ತದೆ. ದೊಡ್ಡ ಹುಳು, ಕಿತ್ತಳೆ ಮೈ. ಕೌಜುಗದ ಗರಿ ಸುತ್ತಿದ ಸಾಫ್ಟ್ ಹ್ಯಾಕಲ್ (ಮೆತ್ತನೆ ಗರಿಯ ಫ್ಲೈ), 8 ಅಥವಾ 10ನೇ ನಂಬರಿನ ಕೊಕ್ಕೆ (ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು). ಹರಿವಿನಲ್ಲಿ ಆ ಗರಿ ಹುಳುವಿನ ಕಾಲಿನ ಹಾಗೇ ಆಡುತ್ತದೆ, ನೋಡೋಕೇ ಚೆಂದ! ಮೋಡದ ದಿನ ಸಣ್ಣ ಬ್ಲೂ ವಿಂಗ್ಡ್ ಆಲಿವ್ ಹುಳು ಜಾಸ್ತಿ. ಆಗ 16, 18ರ ಆಲಿವ್ ಬಣ್ಣದ್ದು ಕಟ್ಟಿ. ಕತ್ತಲಾಗುವಾಗ ಕಪ್ಪು ವೂಲಿ ಬಗ್ಗರ್, ಅಂದರೆ ಗರಿಯ ಬಾಲವಿರುವ ದೊಡ್ಡ ಫ್ಲೈ.

ಮೀನು ಮುಟ್ಟಿದ ಕೂಡಲೇ ರಾಡ್ ಎತ್ತಬೇಡಿ. ದಾರ ತಾನಾಗಿ ಬಿಗಿಯಾಗಲಿ. ಸ್ವಿಂಗ್ ಮುಗಿದ ಮೇಲೂ ಫ್ಲೈಯನ್ನು ಸ್ವಲ್ಪ ಹೊತ್ತು ಸುಮ್ನೆ ಬಿಡಿ, ಎಷ್ಟೋ ಸಲ ಅಲ್ಲೇ ಕಚ್ಚುತ್ತದೆ.