ಕೆಲಸ ಇದೆ ಮಾಸ್ತರರೇ, ನಾಳೆಯೂ ಇರುತ್ತಾ?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲೂಕಿನ ನಿವೃತ್ತ ಹೈಸ್ಕೂಲ್ ಮಾಸ್ತರರೊಬ್ಬರು ಪತ್ರಿಕೆಗೆ ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: ‘ಕಳೆದ ಸಂಚಿಕೆಯಲ್ಲಿ ನಿರುದ್ಯೋಗದ ಬಗ್ಗೆ ನೀವು ಬರೆದದ್ದು ಓದಿದೆ, ಒಪ್ಪಿಗೆಯಾಗಲಿಲ್ಲ. ನಮ್ಮಲ್ಲಿ ಅಡಿಕೆ ಕೊನೆಕೊಯ್ಲಿಗೆ ಜನ ಸಿಗುವುದಿಲ್ಲ. ಮದ್ದು ಹೊಡೆಯಲು ಜನ ಇಲ್ಲ. ಘಟ್ಟದ ಕೆಳಗೆ ಮೀನುಗಾರಿಕೆ ಬೋಟಿಗೆ ಒಡಿಶಾ, ಜಾರ್ಖಂಡ್ ಹುಡುಗರು ಬರುತ್ತಿದ್ದಾರೆ. ಬಿಎ, ಬಿಕಾಂ ಮುಗಿಸಿದ ನಮ್ಮ ಹುಡುಗರು ಮಾತ್ರ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕೂತಿದ್ದಾರೆ. ಇದಕ್ಕೆ ನಿರುದ್ಯೋಗ ಅನ್ನುವುದೋ, ಸೋಮಾರಿತನ ಅನ್ನುವುದೋ?’

ಮಾಸ್ತರರೇ, ಇಷ್ಟು ನೇರವಾಗಿ ಬರೆದದ್ದಕ್ಕೆ ನಮಸ್ಕಾರ. ಪತ್ರಿಕೆಗೆ ಹೊಗಳಿ ಬರೆಯುವವರು ಜಾಸ್ತಿ, ಜಗಳಕ್ಕೆ ಬರುವವರು ಕಡಿಮೆ. ತೋಟದವರ ಕಷ್ಟ ಸುಳ್ಳಲ್ಲ. ಕೊಳೆರೋಗ ಮೊದಲಿಂದ ಇತ್ತು, ಈಗ ಎಲೆಚುಕ್ಕಿಯೂ ಸೇರಿದೆ. ಮಳೆ ಬಿಡುವು ಕೊಟ್ಟ ಒಂದೆರಡು ದಿನದಲ್ಲೇ ಬೋರ್ಡೋ ಮದ್ದು ಹೊಡೆದು ಮುಗಿಸಬೇಕು, ಆವತ್ತೇ ಅಡಿಕೆ ಮರ ಹತ್ತುವ ಕೊನೆಗೌಡನ ಫೋನು ಸ್ವಿಚ್ ಆಫ್ ಬಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅಷ್ಟನ್ನು ಒಪ್ಪುತ್ತೇನೆ.

ಸೋಮಾರಿತನ ಅಂದಿರಲ್ಲ, ಅದನ್ನು ಒಪ್ಪುವುದಿಲ್ಲ.

ಕೊನೆಗೌಡನ ಕೆಲಸವನ್ನೇ ನೋಡೋಣ. ಮಳೆಗಾಲದಲ್ಲಿ ಮದ್ದು ಹೊಡೆಯಲು, ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಲು ಮರ ಹತ್ತಬೇಕು. ಆಮೇಲೆ ಕೊಯ್ಲು. ದಿನದ ಕೂಲಿ ಒಳ್ಳೆಯದೇ ಇದೆ, ಪೇಟೆಯ ಎಷ್ಟೋ ಅಂಗಡಿ ಕೆಲಸಕ್ಕಿಂತ ಜಾಸ್ತಿ. ಉಳಿದ ತಿಂಗಳಲ್ಲಿ ಅವನು ಏನು ಮಾಡಬೇಕು? ಪಾಚಿ ಕಟ್ಟಿದ ಮರದಿಂದ ಜಾರಿ, ಸೊಂಟ ಮುರಿದುಕೊಂಡು ಮಲಗಿದವರನ್ನು ನೀವು ನೋಡಿರುತ್ತೀರಿ. ಅವರಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಆ ಮನೆಗೆ ಆಮೇಲೆ ಯಾರೂ ಇಲ್ಲ. ಈಗ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊಯ್ಯಬಹುದು, ಅದನ್ನು ಕಲಿಯಲು ಹೊಸ ಹುಡುಗರು ಬರುತ್ತಲೂ ಇದ್ದಾರೆ. ಬೆವರಿಗೆ ಹೆದರುವವರಾದರೆ ಯಾಕೆ ಬರುತ್ತಿದ್ದರು? ಅವರು ಕೇಳುವುದು ಇಷ್ಟೇ: ಇದನ್ನು ನಂಬಿ ಮದುವೆ ಆಗಬಹುದಾ, ಬೈಕಿನ ಕಂತು ಕಟ್ಟಬಹುದಾ, ಅಪ್ಪನಿಗೆ ಆಪರೇಷನ್ ಅಂದರೆ ಯಾರಾದರೂ ಸಾಲ ಕೊಡುತ್ತಾರಾ?

ನಿಮ್ಮ ಪತ್ರದ ಕೊನೆಯ ಪುಟದಲ್ಲಿ ನೀವೇ ಬರೆದಿದ್ದೀರಿ. ಮೊದಲ ನೇಮಕ ಜೋಯಿಡಾ ಕಡೆ, ಬಸ್ಸಿಲ್ಲದ ಊರು, ಶಾಲೆಗೆ ಎರಡು ಹಳ್ಳ ದಾಟಿ ಹೋಗಬೇಕಿತ್ತು ಅಂತ. ನಿಜವಾಗಿಯೂ ಕಷ್ಟದ ಕೆಲಸ. ಆ ಹಳ್ಳ ದಾಟುವಾಗ ಒಂದು ಮಾತು ನಿಮಗೆ ಗೊತ್ತಿತ್ತು, ತಿಂಗಳಾದರೆ ಸಂಬಳ ಬರುತ್ತದೆ, ಮುಂದಿನ ವರ್ಷವೂ ಬರುತ್ತದೆ. ಆ ಧೈರ್ಯದ ಮೇಲೆ ಸೊಸೈಟಿ ಸಾಲ ತೆಗೆದಿರಿ, ಮನೆ ಕಟ್ಟಿದಿರಿ, ಮಗಳನ್ನು ಇಂಜಿನಿಯರಿಂಗ್ ಓದಿಸಿದಿರಿ. ಈಗ ಪಿಂಚಣಿ ಇದೆ. ಅದು ನಿಮಗೆ ಸಲ್ಲಬೇಕಾದದ್ದೇ. ಆದರೆ 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಆ ಹಳೆಯ ಪಿಂಚಣಿಯೇ ಇಲ್ಲ, ಇರುವುದು ಎನ್‌ಪಿಎಸ್, ಕೂಡಿಟ್ಟ ದುಡ್ಡಿನ ಮೇಲೆ ನಿಂತ ಹೊಸ ಪಿಂಚಣಿ. ಅದಕ್ಕೂ ಕೆಳಗೆ ಅತಿಥಿ ಶಿಕ್ಷಕರು, ಹೊರಗುತ್ತಿಗೆ ನರ್ಸುಗಳು, ಡಾಟಾ ಎಂಟ್ರಿ ಹುಡುಗಿಯರು ಇದ್ದಾರೆ.

ನಮ್ಮ ಪತ್ರಿಕೆಗೆ ಆಗಾಗ ಕವಿತೆ ಕಳಿಸುವ ಒಬ್ಬಾಕೆ ಕುಮಟಾ ತಾಲೂಕಿನಲ್ಲಿ ಅತಿಥಿ ಶಿಕ್ಷಕಿ. ಎಂಎ, ಬಿಎಡ್. ಶಾಲೆ ಶುರುವಾದ ಮೇಲೆ ತೆಗೆದುಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮೇಲೆ ಬಿಡುಗಡೆ. ಬೇಸಿಗೆಯಲ್ಲಿ ಮನೆಯಲ್ಲಿ ಹಪ್ಪಳ ಲಟ್ಟಿಸಿ ಮಾರುತ್ತಾಳೆ. ನೀವು ಮಾಡಿದ ಪಾಠವನ್ನೇ ಆಕೆಯೂ ಮಾಡುತ್ತಾಳೆ, ಅದೇ ಪುಸ್ತಕ, ಅದೇ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ. ಆಕೆಯ ಒಂದು ಮಾತು ನನ್ನನ್ನು ಬಿಟ್ಟಿಲ್ಲ: ‘ಸರ್, ಮಕ್ಕಳು ಮುಂದಿನ ವರ್ಷ ನೀವೇ ಬರ್ತೀರಾ ಟೀಚರ್ ಅಂತ ಕೇಳ್ತಾರೆ. ಹೌದು ಅಂತ ಸುಳ್ಳು ಹೇಳ್ತೇನೆ.’

ಇಂಥವರ ಕಥೆ ಕೋರ್ಟಿಗೂ ಹೋಗಿದೆ. ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಪ್ರಕರಣದಲ್ಲೇ, 2006ರಲ್ಲಿ, ಸುಪ್ರೀಂ ಕೋರ್ಟು ಹೇಳಿತು, ಎಷ್ಟೋ ವರ್ಷ ದುಡಿದೆ ಎಂಬ ಒಂದೇ ಕಾರಣಕ್ಕೆ ಖಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವ ಹಾಗಿಲ್ಲ ಅಂತ. ಉಮಾದೇವಿ ಪ್ರಕರಣ ಎಂದೇ ಅದು ಹೆಸರಾಗಿದೆ. ಹಿಂಬಾಗಿಲ ನೇಮಕ ನಿಲ್ಲಲಿ ಎಂಬುದು ಅದರ ಉದ್ದೇಶ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಸಲ ಪರಿಗಣಿಸಿ ಎಂದೂ ಅದೇ ತೀರ್ಪು ಹೇಳಿತ್ತು, ಆ ಭಾಗವನ್ನು ನೆನಪಿಟ್ಟ ಕಚೇರಿಗಳು ಕಡಿಮೆ. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ, ಈ ತೀರ್ಪನ್ನು ಬಡ ನೌಕರರ ಮೇಲೆ ತಪ್ಪಾಗಿ ಬಳಸಲಾಗುತ್ತಿದೆ ಎನ್ನಬೇಕಾಯಿತು. ನಡುವೆ ಹದಿನೆಂಟು ವರ್ಷ ಹೋಯಿತು ಮಾಸ್ತರರೇ, ಒಬ್ಬ ಮನುಷ್ಯನ ದುಡಿಯುವ ವಯಸ್ಸಿನ ಅರ್ಧ.

ನೀವು ಸರ್ಕಾರದ ಅಂಕಿಯನ್ನೂ ಉಲ್ಲೇಖಿಸಿದ್ದೀರಿ. 2017-18ರಲ್ಲಿ ಶೇ 6.1 ಇದ್ದ ನಿರುದ್ಯೋಗ 2023-24ರಲ್ಲಿ ಶೇ 3.2ಕ್ಕೆ ಇಳಿದಿದೆಯಲ್ಲ ಅಂತ. ಅಂಕಿ ಸರಿಯೇ ಇದೆ. ಲೆಕ್ಕ ಹಾಕುವ ರೀತಿಯನ್ನೂ ಸ್ವಲ್ಪ ನೋಡಿ. ಆ ವಾರ್ಷಿಕ ಲೆಕ್ಕದಲ್ಲಿ ವರ್ಷದಲ್ಲಿ ಮೂವತ್ತು ದಿನ ಏನಾದರೂ ಕೆಲಸ ಮಾಡಿದವನೂ ಉದ್ಯೋಗಿಯೇ. ವಾರದ ಲೆಕ್ಕದಲ್ಲಾದರೆ ಏಳು ದಿನದಲ್ಲಿ ಒಂದು ಗಂಟೆ ಸಾಕು. ಅಪ್ಪನ ಅಂಗಡಿಯಲ್ಲಿ, ಮನೆಯ ತೋಟದಲ್ಲಿ ಸಂಬಳವಿಲ್ಲದೆ ಕೈಜೋಡಿಸಿದವನೂ ದುಡಿಯುವವರ ಪಟ್ಟಿಗೆ ಸೇರುತ್ತಾನೆ. ನೀವು ಬೈದ ಆ ಕಟ್ಟೆಯ ಹುಡುಗರಲ್ಲಿ ಎಷ್ಟೋ ಮಂದಿ ಸರ್ಕಾರದ ಪ್ರಕಾರ ಉದ್ಯೋಗಸ್ಥರು, ಕೊನೆಕೊಯ್ಲಿನಲ್ಲಿ ಅಡಿಕೆ ಹೊತ್ತಿದ್ದಾರೆ ಎಂಬ ಕಾರಣಕ್ಕೆ. ಯಾರೋ ಮೋಸ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಆ ಪ್ರಶ್ನಾವಳಿಯಲ್ಲಿ ನಾಳೆ ಕೆಲಸ ಇರುತ್ತಾ ಎಂಬ ಭಯವನ್ನು ಬರೆದುಕೊಳ್ಳುವ ಜಾಗ ಇಲ್ಲ, ಅಷ್ಟೇ.

ಆ ಭಯವನ್ನು ನೋಡಬೇಕಾದರೆ ಕಿರಾಣಿ ಅಂಗಡಿಗೆ ಹೋಗಬೇಕು. ಕಾರವಾರದ ಕೋಡಿಬಾಗ ಕಡೆ ನನ್ನ ಪರಿಚಯದವರದ್ದೊಂದು ಅಂಗಡಿ ಇದೆ. ಅವರ ಉದ್ರಿ ಪುಸ್ತಕವನ್ನು ಒಂದು ಸಂಜೆ ಕೂತು ನೋಡಿದೆ, ಹೆಸರುಗಳ ಮೇಲೆ ಅವರು ಕೈ ಇಟ್ಟುಕೊಂಡೇ ತೋರಿಸಿದರು. ಒಂದು ಮನೆಯ ಪುಟ. ಶುರುವಿನಲ್ಲಿ ಕುಚ್ಚಲಕ್ಕಿ ಹತ್ತು ಕೆಜಿ, ಎಣ್ಣೆ ಎರಡು ಲೀಟರ್, ಸಕ್ಕರೆ, ಚಹಾಪುಡಿ ದೊಡ್ಡ ಪ್ಯಾಕೆಟ್. ಮನೆಯ ಹುಡುಗನಿಗೆ ಗೋವಾದ ಕಂಪನಿಯಲ್ಲಿ ಕೆಲಸ ಇದ್ದಾಗ. ಕಾಂಟ್ರಾಕ್ಟು ಮುಗಿಯಿತು. ಮುಂದಿನ ಹಾಳೆಯಲ್ಲಿ ಎಣ್ಣೆ ಅರ್ಧ ಲೀಟರಿನ ಪ್ಯಾಕೆಟ್ ಆಗಿದೆ. ಆಮೇಲೆ ಚಹಾಪುಡಿಯ ಐದು ರೂಪಾಯಿ ಪೊಟ್ಟಣ, ಈರುಳ್ಳಿ ಕಾಲು ಕೆಜಿ. ಒಂದು ಕಡೆ ‘ತೆಂಗಿನಕಾಯಿ ಅರ್ಧ’ ಎಂದಿತ್ತು. ಮೀನು ಸಾರಿಗೆ ಕಾಯಿ ಇಲ್ಲದೆ ಆಗದ ನಮ್ಮ ಕರಾವಳಿಯಲ್ಲಿ ಅರ್ಧ ಕಾಯಿ ಉದ್ರಿ. ಎಲ್ಲ ಕಡಿಮೆಯಾಗುತ್ತ ಹೋದ ಆ ಪುಟದಲ್ಲಿ ಒಂದು ಸಾಲು ಮಾತ್ರ ತಪ್ಪಿರಲಿಲ್ಲ, ಇಪ್ಪತ್ತೆಂಟು ದಿನಕ್ಕೊಮ್ಮೆ ಮೊಬೈಲ್ ರಿಚಾರ್ಜ್. ಯಾಕೆ ಅಂತ ಕೇಳಿದೆ. ‘ರಿಚಾರ್ಜ್ ಇಲ್ಲದಿದ್ರೆ ಕಾಂಟ್ರಾಕ್ಟರ್ ಫೋನು ಬಂದ್ರೆ ಗೊತ್ತಾಗೋದು ಹ್ಯಾಗೆ?’ ಅಂದರು.

ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕೂತವನು ಏನು ಮಾಡುತ್ತಿದ್ದಾನೆ ಅಂತ ನೀವು ಕೇಳಿದ್ದಿರಲ್ಲ.

ಆ ಮನೆಯಲ್ಲಿ ಸಂಘದ ಸಾಲವೂ ಇದೆ. ವಾರದ ಕಂತು. ಹುಡುಗನ ಆಯಿ ಅದಕ್ಕಾಗಿ ಬೇರೆಯವರ ಮನೆಯಲ್ಲಿ ಮೀನು ಸ್ವಚ್ಛ ಮಾಡಿಕೊಡಲು ಹೋಗುತ್ತಾರೆ. ಮೈಕ್ರೋ ಫೈನಾನ್ಸ್ ವಸೂಲಿ ಕಾಟ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಒಳ್ಳೆಯದಾಯಿತು. ಆದರೆ ಹೆಂಗಸರು ಆ ಸಾಲಕ್ಕೆ ಯಾಕೆ ಕೈಯೊಡ್ಡುತ್ತಾರೆ ಎಂದು ಕೇಳಿದರೆ ಮತ್ತೆ ಇಲ್ಲಿಗೇ ಬರಬೇಕು, ಮನೆಗೆ ಬರುವ ದುಡ್ಡಿಗೆ ತಾರೀಖಿಲ್ಲ, ಹೋಗುವ ದುಡ್ಡಿಗೆ ಇದೆ.

ಈ ಜಿಲ್ಲೆಯಲ್ಲಿ ನಂಬಿ ಕೆಟ್ಟವರ ಕಥೆ ಬೇಕಾದಷ್ಟಿದೆ. ಬಳ್ಳಾರಿಯ ಅದಿರು ಬೇಲೆಕೇರಿ ಬಂದರಿಗೆ ಹರಿದು ಬರುತ್ತಿದ್ದಾಗ ಅಂಕೋಲಾ ಸುತ್ತಮುತ್ತ ಎಷ್ಟು ಜನ ಸಾಲ ಮಾಡಿ ಲಾರಿ ತೆಗೆದುಕೊಂಡರು! 2010ರ ಜುಲೈನಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಅಕ್ರಮ ನಿಲ್ಲಲೇಬೇಕಿತ್ತು, ನಾನೂ ಅದನ್ನೇ ಬರೆದವನು. ಆದರೆ ಲೂಟಿ ಮಾಡಿದವರು ಬೇರೆ, ಕಂತು ಕಟ್ಟಲಾಗದೆ ಲಾರಿ ಕಳೆದುಕೊಂಡವರು ಬೇರೆ. ಆಮೇಲೆ ಗೋವಾವನ್ನು ನಂಬಿದರು. ಮಾಜಾಳಿ, ಸದಾಶಿವಗಡ ಕಡೆಯ ಹುಡುಗರು ಬೆಳಿಗ್ಗೆ ಕತ್ತಲಿರುವಾಗಲೇ ಬುತ್ತಿ ಕಟ್ಟಿಕೊಂಡು ಪೋಳೆಂ ಗಡಿ ದಾಟಿ ಹೋಗುತ್ತಾರೆ, ಕಾಣಕೋಣ, ಮಡಗಾಂವ್, ವೆರ್ಣಾ. 2020ರಲ್ಲಿ ಗಡಿ ಮುಚ್ಚಿದಾಗ ದಿನ ಬೆಳಗಾಗುವುದರೊಳಗೆ ಕೆಲಸ ಹೋಯಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು, ಹೆದ್ದಾರಿ ದಿನಗಟ್ಟಲೆ ಬಂದ್, ದಾರಿ ಬದಿಯ ಹೋಟೆಲು, ಪಂಕ್ಚರ್ ಅಂಗಡಿಗಳವರು ಖಾಲಿ ರಸ್ತೆ ನೋಡುತ್ತ ಕೂತರು. ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ಬೆಳಗಿನ ಜಾವ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಇವರಲ್ಲಿ ಯಾರ ಸೋಮಾರಿತನದಿಂದ ಇದೆಲ್ಲ ಆಯಿತು ಹೇಳಿ.

ಬೋಟಿನ ವಿಷಯವೂ ಅಷ್ಟೇ. ನಮ್ಮ ಹುಡುಗರು ಸಮುದ್ರಕ್ಕೆ ಹೆದರಿದವರಲ್ಲ, ಅವರ ಅಜ್ಜಂದಿರು ಪಾತಿ ದೋಣಿಯಲ್ಲಿ ಹೋದವರು. ಬೋಟಿನಲ್ಲಿ ಕೂಲಿ ಅಂದರೆ ಪಾಲು. ಬಂಗಡೆ, ತಾರ್ಲೆ ಬಂದರೆ ಉಂಟು, ಬರದಿದ್ದರೆ ಡೀಸೆಲ್ ಖರ್ಚು ಕಳೆದು ಉಳಿಯುವುದು ಏನೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ನಿಷೇಧ ಬೇಕು. ಆ ಹೊತ್ತಿನ ಉಳಿತಾಯ–ಪರಿಹಾರ ಯೋಜನೆಯಲ್ಲಿ ಮೀನುಗಾರ 1500 ಹಾಕಿದರೆ ಕೇಂದ್ರ, ರಾಜ್ಯ ತಲಾ 1500 ಸೇರಿಸಿ ಒಟ್ಟು 4500 ರೂಪಾಯಿ ಕೊಡುತ್ತವೆ. ಮಳೆಗಾಲ ಪೂರ್ತಿ ಒಂದು ಸಂಸಾರಕ್ಕೆ. ಒಡಿಶಾದ ಹುಡುಗ ಬರುವುದು ಅವನ ಊರಿನಲ್ಲಿ ಇದಕ್ಕಿಂತ ಕಷ್ಟ ಇರುವುದರಿಂದ. ಅವನನ್ನು ತೋರಿಸಿ ನಮ್ಮವನನ್ನು ಬೈಯುವುದು ಇಬ್ಬರಿಗೂ ಅನ್ಯಾಯ.

ಆಸ್ಟ್ರಿಯಾದ ವಿಯೆನ್ನಾ ಹತ್ತಿರ ಮರಿಯೆಂಥಾಲ್ ಎಂಬ ಊರಿದೆ. ಅಲ್ಲಿನ ಬಟ್ಟೆ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಾಗ, 1930ರ ದಶಕದ ಆರಂಭದಲ್ಲಿ, ಸಮಾಜ ಸಂಶೋಧಕಿ ಮಾರಿ ಯಾಹೊಡಾ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಜನರನ್ನು ಗಮನಿಸಿದರು. ಗಂಡಸರು ರಸ್ತೆಯಲ್ಲಿ ನಿಧಾನವಾಗಿ ನಡೆಯತೊಡಗಿದ್ದರು, ನಡುನಡುವೆ ಸುಮ್ನೆ ನಿಲ್ಲುತ್ತಿದ್ದರು. ಬೇಕಾದಷ್ಟು ಸಮಯ ಇತ್ತು, ಗ್ರಂಥಾಲಯದ ಶುಲ್ಕವನ್ನೂ ತೆಗೆದಿದ್ದರು, ಆದರೂ ಪುಸ್ತಕ ಒಯ್ಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹೆಂಗಸರು ಮಾತ್ರ ಮೊದಲಿನಷ್ಟೇ ಚುರುಕು, ಮನೆಗೆಲಸಕ್ಕೆ ರಜೆ ಎಲ್ಲಿದೆ? ಹೊರಗಿನಿಂದ ನೋಡಿದವರಿಗೆ ಅದೂ ಸೋಮಾರಿತನವಾಗಿಯೇ ಕಾಣುತ್ತಿತ್ತೇನೋ.

ನಮ್ಮ ಗ್ರಂಥಾಲಯಗಳು ಇನ್ನೂ ತುಂಬಿವೆ ಮಾಸ್ತರರೇ. ಶಿರಸಿಯಲ್ಲಿ, ಕಾರವಾರದಲ್ಲಿ ಒಳಗೆ ಹೋಗಿ ನೋಡಿ, ಗೈಡು ಇಟ್ಟುಕೊಂಡು ಬಾಗಿಲು ಹಾಕುವವರೆಗೆ ಓದುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ನಾವು ಏನು ಕೊಟ್ಟೆವು? 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ, ಐವತ್ತು ಸಾವಿರಕ್ಕೂ ಹೆಚ್ಚು ಜನ ಬರೆದರು. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವರ ಎರಡು ವರ್ಷಕ್ಕೆ ಯಾರು ಹೊಣೆ? ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಎರಡು ವರ್ಷದವರೆಗೆ. ಗೈಡಿಗೆ, ಪರೀಕ್ಷೆಗೆ ಹೋಗಿಬರಲು ಬಸ್ಸಿಗೆ ಆಗುತ್ತದೆ. ಇರಲಿ, ಬೇಡ ಅನ್ನುವುದಿಲ್ಲ.

ನನಗೆ ಜಾಸ್ತಿ ಸಿಟ್ಟು ಬರುವುದು ನಮ್ಮ ಜಿಲ್ಲೆಯನ್ನು ದೊಡ್ಡವರು ನಡೆಸಿಕೊಂಡ ರೀತಿಗೆ. ಸೂಪಾ, ಕದ್ರಾ, ಕೊಡಸಳ್ಳಿ ಎಂದು ಅಣೆಕಟ್ಟಿಗೆ ಕೊಟ್ಟೆವು. ಕೈಗಾ ಅಣುಸ್ಥಾವರಕ್ಕೆ ಕೊಟ್ಟೆವು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು, ಕಾರವಾರ–ಅಂಕೋಲಾ ನಡುವಿನ 13 ಹಳ್ಳಿಗಳು, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದು ಹೋದವು. ದೇಶಕ್ಕೆ ನೌಕಾನೆಲೆ ಬೇಕು, ನಿಜ. ಆದರೆ ಗದ್ದೆ, ಕಡಲು ಎರಡೂ ಬಿಟ್ಟುಕೊಟ್ಟವರ ಮೊಮ್ಮಕ್ಕಳಲ್ಲಿ ಇವತ್ತು ಗುತ್ತಿಗೆದಾರರ ಕೈಕೆಳಗೆ ದಿನಗೂಲಿಗೆ ಹೋಗುವವರಿದ್ದಾರೆ. ಇಷ್ಟೆಲ್ಲ ಕೊಟ್ಟ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ. ತಲೆಗೆ ಪೆಟ್ಟಾದರೆ ಮಣಿಪಾಲ, ಹುಬ್ಬಳ್ಳಿ, ಗೋವಾ. ನಿಗದಿ ಸಂಬಳ ಇದ್ದವರು ಹೇಗೋ ತಡೆದುಕೊಳ್ಳುತ್ತಾರೆ. ಇಲ್ಲದವರು ಒಂದು ಆಂಬುಲೆನ್ಸ್ ಬಾಡಿಗೆಯಲ್ಲೇ ಬಂಗಾರ ಅಡವಿಡುತ್ತಾರೆ.

ನಿಮ್ಮಿಂದ ಒಂದು ಉಪಕಾರ ಆಗಬೇಕು. ನೀವು ನಿವೃತ್ತರಾದ ವರ್ಷ ಹತ್ತನೇ ತರಗತಿಯಲ್ಲಿದ್ದ ಮಕ್ಕಳು ಈಗ ದುಡಿಯುವ ವಯಸ್ಸಿನವರು. ಹಳೆಯ ವಿದ್ಯಾರ್ಥಿಗಳು ಈಗಲೂ ಕಾಲಿಗೆ ಬೀಳುತ್ತಾರೆ ಅಂತ ಬರೆದಿದ್ದೀರಿ, ನಿಮ್ಮ ಫೋನನ್ನು ಯಾರೂ ಕತ್ತರಿಸುವುದಿಲ್ಲ. ಅವರಲ್ಲಿ ಸಿಕ್ಕಷ್ಟು ಜನರಿಗೆ ಮಾಡಿ ಮೂರೇ ಪ್ರಶ್ನೆ ಕೇಳಿ. ಈಗ ಏನು ಕೆಲಸ? ಈ ಕೆಲಸಕ್ಕೆ ಬಂದು ಎಷ್ಟು ಕಾಲವಾಯಿತು? ಮುಂದಿನ ವರ್ಷವೂ ಇರುತ್ತದೆ ಅಂತ ನಂಬಿಕೆ ಇದೆಯಾ? ಅವರು ಹೇಳಿದ ಹಾಗೆಯೇ ಬರೆದು ಕಳಿಸಿ, ಹೆಸರು ಬೇಡ, ಊರು ಸಾಕು. ನನ್ನ ಮಾತಿಗೆ ವಿರುದ್ಧವಾಗಿದ್ದರೂ ಒಂದಕ್ಷರ ತೆಗೆಯುವುದಿಲ್ಲ. ಮುಂದಿನ ತಿಂಗಳು ಹತ್ತನೇ ತಾರೀಖಿನೊಳಗೆ ಕೈಸೇರಿದರೆ ಆ ಸಂಚಿಕೆಯಲ್ಲೇ ಹಾಕುತ್ತೇವೆ.

– ಸಂಪಾದಕ